ಹ್ಯಾಂಗ್ ಆಗುವ ಕಂಪ್ಯೂಟರ್: ಫಾರ್ಮ್ಯಾಟ್ ಹೊಡೆಸುವ ಮುಂಚೆ

ಎಲ್ಲರಿಗೂ ಶರಣು ಶರಣಾರ್ಥಿ.

ಮನೆಯ ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆಗುತ್ತಿದೆ ಅಂದರೆ ನಮ್ಮ ಕಲಬುರಗಿಯಲ್ಲಿ ಮೊದಲು ಸಿಗುವ ಸಲಹೆ, “ಫಾರ್ಮ್ಯಾಟ್ ಹೊಡೆಸಿಬಿಡ್ರಿ.” ದಯವಿಟ್ಟು ಅಷ್ಟು ಅವಸರ ಮಾಡಬೇಡಿ. ಫಾರ್ಮ್ಯಾಟ್ ಅಂದರೆ ಡಿಸ್ಕನ್ನು ಅಳಿಸಿ ವಿಂಡೋಸ್ ಮತ್ತೆ ಹಾಕುವುದು. ಹಾಗೆ ಮಾಡಿಸಿದರೆ ವಿಂಡೋಸ್ ಹೊಸದಾಗುತ್ತದೆ, ನಿಜ. ಆದರೆ ಫ್ಯಾನಿನಲ್ಲಿ ಕೂತ ಧೂಳು ಹೋಗುವುದಿಲ್ಲ, ಕೆಡುತ್ತಿರುವ ಹಾರ್ಡ್ ಡಿಸ್ಕ್ ನೆಟ್ಟಗಾಗುವುದಿಲ್ಲ. ಬ್ಯಾಕಪ್ ಇಲ್ಲದಿದ್ದರೆ ಮಕ್ಕಳ ಫೋಟೋಗಳೂ ಹೋಗಿಬಿಡುತ್ತವೆ.

ಮುಂದಿನ ಸಲ ಪರದೆ ನಿಂತಾಗ ತಕ್ಷಣ ಪವರ್ ಬಟನ್ ಒತ್ತಬೇಡಿ. ಕೀಬೋರ್ಡಿನ ನಮ್ ಲಾಕ್ (Num Lock) ಕೀ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ವಿಂಡೋಸ್ ಇನ್ನೂ ಪೂರ್ತಿ ನಿಂತಿಲ್ಲ, ಯಾವುದೋ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿರಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವುದು ಜಾಸ್ತಿ ಮೆಮೊರಿ ತಿನ್ನುತ್ತಿದೆ ಅಂತ ಅಲ್ಲೇ ಕಾಣುತ್ತದೆ. 4 ಜಿಬಿ ಮೆಮೊರಿ, ಅಂದರೆ ರ‍್ಯಾಮ್ ಇಟ್ಟುಕೊಂಡು ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ಅದಾದರೂ ಏನು ಮಾಡೀತು? ದೀಪ ಕದಲಲೇ ಇಲ್ಲ, ಮೌಸೂ ಸರಿಯಲಿಲ್ಲ ಅಂದರೆ ಹಾರ್ಡ್‌ವೇರ್ ಅಥವಾ ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಮೇಲೆ ಅನುಮಾನ ಪಡಿ.

ಯಾವ ಹೊತ್ತಿನಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಗಮನಿಸಿ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಒದ್ದಾಡುತ್ತಿದ್ದರೆ ಕಾರಣ ಬಿಸಿ ಇರಬಹುದು. ನಮ್ಮ ಬೇಸಿಗೆ ಗೊತ್ತಲ್ಲ, 42, 43 ಡಿಗ್ರಿ. ಸಿಪಿಯು, ಅಂದರೆ ಪ್ರೊಸೆಸರ್ ಚಿಪ್ಪಿನ ಮೇಲಿನ ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಕೋಣೆಯ ಗಾಳಿಯನ್ನೇ ಬೀಸಬೇಕು, ಅದಕ್ಕಿಂತ ತಂಪು ಎಲ್ಲಿಂದ ತರುತ್ತದೆ? ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸುತ್ತದೆ. ಆಗಲೂ ತಣಿಯದಿದ್ದರೆ ಕಂಪ್ಯೂಟರ್ ತಾನೇ ಆಫ್ ಆಗುತ್ತದೆ.

ಇದರ ಮೇಲೆ ಧೂಳು. ನಮ್ಮಲ್ಲಿ ಬಹಳ ಮನೆಗಳಲ್ಲಿ ಕಂಪ್ಯೂಟರಿನ ಡಬ್ಬಿಯನ್ನು, ಅಂದರೆ ಕ್ಯಾಬಿನೆಟ್ಟನ್ನು, ಶಹಾಬಾದ್ ಕಲ್ಲಿನ ನೆಲದ ಮೇಲೇ ಇಟ್ಟಿರುತ್ತಾರೆ, ಗೋಡೆಗೆ ಒತ್ತಿ. ದಿನಾ ಕಸ ಗುಡಿಸುವಾಗ ಏಳುವ ಧೂಳೆಲ್ಲ ಒಳಗೆ. ಈ ಮೇಜಿನ ಮೇಲೆ ಒಂದು ಕ್ಯಾಬಿನೆಟ್ ಬಿಚ್ಚಿಟ್ಟಿದ್ದೇನೆ, ಆಮೇಲೆ ಹತ್ತಿರ ಬಂದು ನೋಡಿ. ಫ್ಯಾನಿನ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳಿವೆ. ಅವುಗಳ ಸಂದಿಯಲ್ಲಿ ಧೂಳು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿದೆ. ಫ್ಯಾನ್ ತಿರುಗುತ್ತದೆ, ಗಾಳಿ ಮಾತ್ರ ದಾಟುವುದಿಲ್ಲ.

ಇದನ್ನು ಮನೆಯಲ್ಲೇ ಕ್ಲೀನ್ ಮಾಡಬಹುದು. ಪ್ಲಗ್ ಕಿತ್ತಿಡಿ, ಒಳಗಿನ ಭಾಗ ಮುಟ್ಟುವ ಮುಂಚೆ ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲಿ ಅಂತ ಕ್ಯಾಬಿನೆಟ್ಟಿನ ಬರಿಯ ಲೋಹ ಮುಟ್ಟಿ. ಮೆತ್ತಗಿನ ಒಣ ಬ್ರಷ್ಷಿನಿಂದ ಧೂಳು ಬಿಡಿಸಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿಂದ ತಡೆದುಕೊಳ್ಳಿ. ಎಸ್‌ಎಂಪಿಎಸ್ ಅನ್ನುವ, ಕರೆಂಟ್ ಪೂರೈಸುವ ಡಬ್ಬಿ ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ, ಜೀವಕ್ಕೇ ಅಪಾಯ. ತುಂಬಾ ಹಳೆಯ ಯಂತ್ರವಾದರೆ ಪ್ರೊಸೆಸರಿನ ಬಿಸಿಯನ್ನು ಆ ರೆಕ್ಕೆಗಳಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಅದನ್ನು ಗೊತ್ತಿದ್ದವರ ಕೈಲಿ ಹಾಕಿಸಿ.

ಮುಚ್ಚುವ ಮುಂಚೆ ರ‍್ಯಾಮ್ ಕಡ್ಡಿಗಳನ್ನೂ ತೆಗೆದು ಕೂರಿಸಿ. ಟಕ್ ಅಂತ ಕ್ಲಿಪ್ ಬೀಳಬೇಕು. ಎರಡು ಕಡ್ಡಿ ಇದ್ದರೆ ಒಂದೊಂದನ್ನೇ ಹಾಕಿ ನಡೆಸಿ ನೋಡಿ. ಕೆಟ್ಟದ್ದು ಯಾವುದು ಅಂತ ಸಿಕ್ಕಿಬೀಳುತ್ತದೆ.

ಈಗ ಹಾರ್ಡ್ ಡಿಸ್ಕ್. ನನಗೆ ಎಲ್ಲಕ್ಕಿಂತ ಜಾಸ್ತಿ ಆತಂಕ ಇದರದ್ದೇ. ಫೈಲ್ ತೆರೆಯುವಾಗಲೆಲ್ಲ ನಿಲ್ಲುತ್ತಿದೆ, ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತಿದೆ, ಕೆಲಸವೇ ಇಲ್ಲದಿದ್ದರೂ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಬಹಳ ಹೊತ್ತು 100 ಪರ್ಸೆಂಟ್ ತೋರಿಸುತ್ತಿದೆ ಅಂದರೆ, ಬೇರೆ ರಿಪೇರಿಯೆಲ್ಲ ಆಮೇಲೆ. ಮೊದಲು ಫೋಟೋ, ಜಮೀನಿನ ಕಾಗದಪತ್ರದ ಸ್ಕ್ಯಾನ್, ಮಾರ್ಕ್ಸ್ ಕಾರ್ಡ್, ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕುವ ವಿಂಡೋಸ್ ಸಾಧನ) ಕೂಡ ಅದಾದ ಮೇಲೇ. ಬಳಲಿದ ಡಿಸ್ಕನ್ನು ಗಂಟೆಗಟ್ಟಲೆ ಓದಿಸಿದರೆ ಅಲ್ಲೇ ಕೈಕೊಡಬಹುದು.

ಅಂಗಡಿಗೆ ಒಯ್ಯಬೇಕಾಗಿ ಬಂದರೆ ಯಾವಾಗ ನಿಂತಿತು, ಏನು ತೆರೆದಿತ್ತು, ನಮ್ ಲಾಕ್ ದೀಪ ಹತ್ತಿತೋ ಇಲ್ಲವೋ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ವರದಿಯನ್ನು ನಿಮ್ಮ ಮುಂದೆಯೇ ತೆಗೆಯಲು ಹೇಳಿ. ಅದರಲ್ಲಿ ಕೆಟ್ಟ ಸೆಕ್ಟರ್‌ಗಳ (ಡಿಸ್ಕಿನಲ್ಲಿ ಹಾಳಾದ ಜಾಗಗಳ) ಸಂಖ್ಯೆ ಏರುತ್ತಿದ್ದರೆ ಫಾರ್ಮ್ಯಾಟ್‌ಗೆ ದುಡ್ಡು ಕೊಡಬೇಡಿ, ಆ ದುಡ್ಡನ್ನು ಹಾರ್ಡ್ ಡಿಸ್ಕಿನ ಬದಲು ಹಾಕುವ ಹೊಸ ಎಸ್‌ಎಸ್‌ಡಿಗೆ ಹಾಕಿ.