ಸಹಿ ಹಾಕಲಾಗದ ಗವರ್ನರ್: ಲಾರ್ಡ್ ವಿಲಿಯಂ ಕ್ಯಾಂಪ್‌ಬೆಲ್ ಕಥೆ

[ಪರದೆ ಮೇಲೆ: ಚಾರ್ಲ್ಸ್‌ಟನ್ ಬಂದರಿನ ಹಳೆಯ ನಕ್ಷೆ. 1775, ಆಗಸ್ಟ್]

ನಮಸ್ಕಾರ ಸ್ನೇಹಿತರೇ. ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಕಾಲ. ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಊರಿನಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಗಲ್ಲು ಶಿಕ್ಷೆ ಆಗಿದೆ. ಆತ ನಿರಪರಾಧಿ ಅನ್ನೋದು ಅಲ್ಲಿನ ಗವರ್ನರ್‌ನ ನಂಬಿಕೆ. ಕ್ಷಮಾದಾನ ಕೊಡುವ ಹಕ್ಕನ್ನು ರಾಜ ಮೂರನೇ ಜಾರ್ಜ್ ಅವನಿಗೇ ಕೊಟ್ಟಿದ್ದಾನೆ. ಒಂದು ಸಹಿ ಸಾಕು. ಆದರೆ ಆ ಸಹಿ ಬೀಳಲೇ ಇಲ್ಲ.

ಆ ಗವರ್ನರ್ ಹೆಸರು ಲಾರ್ಡ್ ವಿಲಿಯಂ ಕ್ಯಾಂಪ್‌ಬೆಲ್. ಸೌತ್ ಕೆರೊಲಿನಾಕ್ಕೆ ರಾಜ ಕಳಿಸಿದ ಕೊನೆಯ ಗವರ್ನರ್. ಡ್ಯೂಕ್ ಮನೆಯ ಮಗ, ನೌಕಾಪಡೆಯ ಕ್ಯಾಪ್ಟನ್, ಸಂಸದ, ಎರಡು ವಸಾಹತುಗಳ ಗವರ್ನರ್. ಇಷ್ಟೆಲ್ಲಾ ಆಗಿದ್ದವನ ಕೈ ಆ ದಿನ ಯಾಕೆ ಕಟ್ಟಿಹೋಗಿತ್ತು? ಇವತ್ತು ಅದನ್ನೇ ನೋಡೋಣ.

[ಪರದೆ ಮೇಲೆ: ಸ್ಕಾಟ್ಲೆಂಡಿನ ಇನ್ವೆರರಿ ಕೋಟೆ]

ಕ್ಯಾಂಪ್‌ಬೆಲ್ ಹುಟ್ಟಿದ್ದು 1730ರ ಆಸುಪಾಸಿನಲ್ಲಿ. ಅಪ್ಪ ಮುಂದೆ ನಾಲ್ಕನೇ ಆರ್ಗೈಲ್ ಡ್ಯೂಕ್ ಆದವನು. ಸ್ಕಾಟ್ಲೆಂಡಿನಲ್ಲಿ ಈ ಮನೆತನ ಅಂದರೆ ಅಷ್ಟಿಷ್ಟಲ್ಲ. ಆದರೆ ಅಲ್ಲಿನ ಪದ್ಧತಿಯಲ್ಲಿ ಆಸ್ತಿ, ಪದವಿ ಎಲ್ಲ ದೊಡ್ಡ ಮಗನಿಗೆ. ಉಳಿದ ಗಂಡುಮಕ್ಕಳು ಸೇನೆಯನ್ನೋ, ನೌಕಾಪಡೆಯನ್ನೋ, ಪಾರ್ಲಿಮೆಂಟನ್ನೋ ನೋಡಿಕೊಳ್ಳಬೇಕು. ಒಬ್ಬ ಅಣ್ಣ 1747ರಲ್ಲಿ ಯುದ್ಧದಲ್ಲೇ ಸತ್ತಿದ್ದ. ವಿಲಿಯಂ ಹಡಗು ಹತ್ತಿದ. 1750ರ ದಶಕದಲ್ಲಿ ನಮ್ಮ ಭಾರತದ ಕಡೆಯ ಕಡಲಿನಲ್ಲೂ ಸೇವೆ ಮಾಡಿದ. 1762ರ ಹೊತ್ತಿಗೆ ಕ್ಯಾಪ್ಟನ್ ಆಗಿದ್ದ.

ಮರುವರ್ಷ ಅವನ ಹಡಗು ನೈಟಿಂಗೇಲ್ ಚಾರ್ಲ್ಸ್‌ಟನ್‌ಗೆ ಬಂತು. ಅಲ್ಲಿ ಸಾರಾ ಇಝರ್ಡ್ ಎಂಬ ಹುಡುಗಿಯನ್ನು ಮದುವೆಯಾದ. ಇಝರ್ಡ್ ಮನೆಯವರು ಆ ಪ್ರಾಂತ್ಯದ ಭಾರೀ ಶ್ರೀಮಂತ ಜಮೀನ್ದಾರರು. ಭತ್ತದ ಗದ್ದೆಗಳು, ನೀಲಿ ಬಣ್ಣ ತೆಗೆಯುವ ಗಿಡದ ತೋಟಗಳು, ಅಲ್ಲಿ ದುಡಿಯುವ ಗುಲಾಮರು. ಮದುವೆಯ ಜೊತೆಗೆ ಕ್ಯಾಂಪ್‌ಬೆಲ್ ಕೂಡ ತೋಟದ ಒಡೆಯ, ಗುಲಾಮರ ಒಡೆಯ ಆದ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

1764ರಲ್ಲಿ ಆರ್ಗೈಲ್‌ಶೈರ್‌ನಿಂದ ಪಾರ್ಲಿಮೆಂಟಿಗೆ ಹೋದ. ಅದು ಮನೆತನದ ಹಿಡಿತದಲ್ಲೇ ಇದ್ದ ಕ್ಷೇತ್ರ. ಎರಡೇ ವರ್ಷ. 1766ರಲ್ಲಿ ನೋವಾ ಸ್ಕೋಶಿಯಾಕ್ಕೆ, ಅಂದರೆ ಈಗಿನ ಕೆನಡಾ ಕಡೆಗೆ, ಗವರ್ನರ್ ಆಗಿ ನೇಮಕ. ಅಲ್ಲಿ ಸಾಲವೋ ಸಾಲ. ರಸ್ತೆ ಮಾಡಿಸಲು ದುಡ್ಡಿಲ್ಲ. ಕೇಪ್ ಬ್ರೆಟನ್‌ನ ಕಲ್ಲಿದ್ದಲನ್ನು ಗುತ್ತಿಗೆಗೆ ಕೊಟ್ಟು ದುಡ್ಡು ಹೊಂದಿಸಲು ನೋಡಿದ. ಲಂಡನ್ ಒಪ್ಪಲಿಲ್ಲ. 1768ರಲ್ಲಿ ಸೈನ್ಯವನ್ನು ಹ್ಯಾಲಿಫ್ಯಾಕ್ಸ್‌ನಿಂದ ಬಾಸ್ಟನ್‌ಗೆ ಸಾಗಿಸಿದಾಗ ಊರಿನ ವ್ಯಾಪಾರವೂ ಬಿದ್ದುಹೋಯಿತು. 1773ರಲ್ಲಿ ಹೆಂಡತಿಯ ತವರಿಗೇ, ಸೌತ್ ಕೆರೊಲಿನಾಕ್ಕೇ ಗವರ್ನರ್ ಆಗಿ ನೇಮಕ ಆಯಿತು.

ಆದರೆ ಆತ ಅಲ್ಲಿಗೆ ತಲುಪಿದ್ದು 1775ರ ಜೂನ್ 18ಕ್ಕೆ. ಎರಡು ತಿಂಗಳ ಹಿಂದಷ್ಟೇ ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿತ್ತು. ಅಮೆರಿಕದ ಯುದ್ಧ ಶುರುವಾಗಿತ್ತು.

[ಪರದೆ ಮೇಲೆ: ಚಾರ್ಲ್ಸ್‌ಟನ್‌ನ ಮೀಟಿಂಗ್ ಸ್ಟ್ರೀಟ್]

ಹೆಂಡತಿ ಮಕ್ಕಳೊಂದಿಗೆ ಸ್ಕಾರ್ಪಿಯನ್ ಹಡಗಿನಿಂದ ಇಳಿದವನಿಗೆ ಸಿಕ್ಕಿದ್ದು ತಣ್ಣನೆಯ ಸ್ವಾಗತ. ಊರಿನಲ್ಲಿ ಆಗಲೇ ರಾಜನ ವಿರುದ್ಧ ಎದ್ದವರ ಸಭೆ, ಪ್ರಾಂತೀಯ ಕಾಂಗ್ರೆಸ್ ಇತ್ತು, ಅವರದೇ ಸುರಕ್ಷಾ ಸಮಿತಿ ಇತ್ತು. ಸೈನ್ಯ, ಹಣ, ಹುಕುಂ ಎಲ್ಲ ಅವರದ್ದೇ. ಕಾಂಗ್ರೆಸ್‌ನವರು ಮನವಿ ತಂದುಕೊಟ್ಟರೆ, ಕಾನೂನು ಪ್ರಕಾರ ಸೇರಿದ ಶಾಸನಸಭೆ ಬಿಟ್ಟು ಬೇರೆ ಯಾವ ಪ್ರತಿನಿಧಿಗಳನ್ನೂ ನಾನು ಅರಿಯೆ ಎಂದು ಉತ್ತರ ಕೊಟ್ಟ. ಕಾಗದದ ಮೇಲೆ ಸರಿಯಾದ ಮಾತು. ಬೀದಿಯಲ್ಲಿ ಅದಕ್ಕೆ ಬೆಲೆ ಇರಲಿಲ್ಲ.

ಜೊತೆಗೆ ಒಂದು ಗಾಳಿಸುದ್ದಿ. ಗುಲಾಮರಿಗೆ ಹಂಚಲು ಗವರ್ನರ್‌ನ ಹಡಗಿನಲ್ಲಿ 14,000 ಬಂದೂಕು ಬಂದಿವೆಯಂತೆ! ಇದರಲ್ಲಿ ನಿಜ ಇರಲಿಲ್ಲ. ಆದರೆ ಆ ಪ್ರಾಂತ್ಯದಲ್ಲಿ ಬಿಳಿಯರಿಗಿಂತ ಕಪ್ಪು ಜನ ಜಾಸ್ತಿ ಇದ್ದರು. ಒಡೆಯರಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಈ ಭಯಕ್ಕೆ ಬಲಿಯಾದವನು ಥಾಮಸ್ ಜೆರೆಮಾಯ. ಜನ ಜೆರ್ರಿ ಅನ್ನುತ್ತಿದ್ದರು. ಈತ ಗುಲಾಮನಲ್ಲ, ಸ್ವತಂತ್ರ ಮನುಷ್ಯ. ಮೀನುಗಾರ, ಅದಕ್ಕಿಂತ ಹೆಚ್ಚಾಗಿ ಬಂದರಿನ ಪೈಲಟ್. ಚಾರ್ಲ್ಸ್‌ಟನ್ ಬಂದರಿನ ಬಾಯಿಗೆ ಅಡ್ಡಲಾಗಿ ಮರಳಿನ ದಿಬ್ಬಗಳಿವೆ. ಮಲ್ಪೆ, ಗಂಗೊಳ್ಳಿ ಕಡೆಯವರಿಗೆ ಅಳಿವೆ ಬಾಗಿಲು ದಾಟುವ ಕಷ್ಟ ಗೊತ್ತಿರುತ್ತದಲ್ವಾ, ಹಾಗೇ. ಎಲ್ಲಿ ಆಳ, ಎಲ್ಲಿ ಮರಳು ಅಂತ ತಿಳಿದವನು ಮುಂದೆ ನಿಂತು ದಾರಿ ತೋರಿದರೆ ಮಾತ್ರ ದೊಡ್ಡ ಹಡಗು ಒಳಗೆ ಬರುತ್ತದೆ. ಆ ತಿಳಿವಳಿಕೆಯಿಂದಲೇ ಜೆರ್ರಿ ದುಡ್ಡು ಮಾಡಿದ್ದ. 1,000 ಪೌಂಡಿಗೂ ಮೀರಿದ ಆಸ್ತಿ ಎಂದು ಕ್ಯಾಂಪ್‌ಬೆಲ್ ಬರೆದಿದ್ದಾನೆ. ಜೆರ್ರಿಗೆ ಸ್ವಂತ ಗುಲಾಮರೂ ಇದ್ದರು. ಆ ಕಾಲ ಅಷ್ಟು ಗೋಜಲಿನದ್ದು.

ಆರೋಪ ಏನು? ಗುಲಾಮರನ್ನು ದಂಗೆ ಏಳಿಸುತ್ತಿದ್ದಾನೆ, ರಾಜನ ಯುದ್ಧ ಹಡಗುಗಳಿಗೆ ದಾರಿ ತೋರಿಸಲಿದ್ದಾನೆ ಅನ್ನೋದು. ವಿಚಾರಣೆ ನಡೆದದ್ದು ಗುಲಾಮರಿಗಾಗಿ ಮಾಡಿದ 1740ರ ಕಾಯ್ದೆಯ ಕೆಳಗೆ. ಜ್ಯೂರಿ ಇಲ್ಲ. ಹೆದರಿದ ಗುಲಾಮರ ಸಾಕ್ಷಿಯೇ ಆಧಾರ. ಅದರಲ್ಲಿ ಒಬ್ಬ ಆಮೇಲೆ ತನ್ನ ಮಾತು ಹಿಂತೆಗೆದುಕೊಂಡ. ಆದರೂ ಗಲ್ಲು.

ಯಾವ ಆಧಾರದ ಮೇಲೆ ಶಿಕ್ಷೆ ಕೊಟ್ಟಿದ್ದಾರೆ ಎಂದು ಓದಿದಾಗ ತನ್ನ ರಕ್ತ ತಣ್ಣಗಾಯಿತು ಎಂದು ಕ್ಯಾಂಪ್‌ಬೆಲ್ ಬರೆದ. ಜೈಲಿನಲ್ಲಿ ಜೆರ್ರಿಯನ್ನು ಕಂಡ ಪಾದ್ರಿಗೂ ಆತ ನಿರಪರಾಧಿ ಅನಿಸಿತ್ತು. ಗವರ್ನರ್ ನ್ಯಾಯಾಧೀಶರನ್ನು ಕೇಳಿದ, ಸುರಕ್ಷಾ ಸಮಿತಿಯ ಅಧ್ಯಕ್ಷ ಹೆನ್ರಿ ಲಾರೆನ್ಸ್‌ಗೆ ಕಾಗದ ಬರೆದ. ಲಾರೆನ್ಸ್ ಒಂದು ಕಾಲದಲ್ಲಿ ಗುಲಾಮರ ದೊಡ್ಡ ವ್ಯಾಪಾರಿ. ಅವನ ಮನಸ್ಸು ಕರಗಲಿಲ್ಲ. ಕೊನೆಗೆ ಗವರ್ನರ್‌ಗೆ ಎಚ್ಚರಿಕೆ ಬಂತು: ಕ್ಷಮಾದಾನ ಕೊಟ್ಟರೆ ಅವನನ್ನು ನಿನ್ನ ಮನೆ ಬಾಗಿಲಲ್ಲೇ ಗಲ್ಲಿಗೆ ಹಾಕುತ್ತೇವೆ.

ಆಗಸ್ಟ್ 18ರಂದು ಜೆರ್ರಿಯನ್ನು ಗಲ್ಲಿಗೇರಿಸಿದರು. ಆಮೇಲೆ ಹೆಣವನ್ನು ಸುಟ್ಟರು. ನನ್ನ ರಕ್ತ ಸುರಿಸಿದ್ದಕ್ಕೆ ದೇವರು ಒಂದು ದಿನ ನಿಮ್ಮನ್ನು ಕೇಳುತ್ತಾನೆ ಎಂದು ಆತ ಕೊನೆಯಲ್ಲಿ ಹೇಳಿದನಂತೆ. ಲಂಡನ್‌ನಲ್ಲಿದ್ದ ಮಂತ್ರಿ ಡಾರ್ಟ್‌ಮತ್‌ಗೆ ಕ್ಯಾಂಪ್‌ಬೆಲ್ ಬರೆದ ಪತ್ರ ಉಳಿದಿದೆ. ಅವನನ್ನು ಉಳಿಸಲು ನನ್ನಿಂದ ಆಗಲಿಲ್ಲ ಎಂಬ ಸಂಕಟ ಅದರಲ್ಲಿದೆ. ಗುಲಾಮರ ಒಡೆಯನೇ ಬರೆದ ಪತ್ರ ಅದು. ಆದರೂ ಆ ಸಂಕಟ ಸುಳ್ಳಲ್ಲ ಅಂತಲೇ ನನಗೆ ಅನಿಸುತ್ತದೆ.

[ಪರದೆ ಮೇಲೆ: 1775, ಸೆಪ್ಟೆಂಬರ್ 15]

ಆದರೆ ಗವರ್ನರ್ ಕೈಕಟ್ಟಿ ಕೂತಿರಲಿಲ್ಲ. ಒಳನಾಡಿನಲ್ಲಿ ರಾಜನ ಪರ ಜನ ಸಾಕಷ್ಟಿದ್ದರು. ಅವರಿಗೆ ಗುಟ್ಟಾಗಿ ಕಾಗದ ಬರೆಯುತ್ತಿದ್ದ. ಅವರ ಮುಖಂಡ ಮೋಸೆಸ್ ಕಿರ್ಕ್‌ಲ್ಯಾಂಡ್ ವೇಷ ಬದಲಿಸಿಕೊಂಡು ಊರಿಗೆ ಬಂದು, ಗವರ್ನರ್‌ನನ್ನು ಕಂಡು, ಟಾಮರ್ ಎಂಬ ಯುದ್ಧ ಹಡಗಿಗೆ ಸೇರಿಕೊಂಡ. ಸುರಕ್ಷಾ ಸಮಿತಿಗೆ ಇದರ ವಾಸನೆ ಬಡಿಯಿತು. ಅವರು ಆಡಮ್ ಮೆಕ್‌ಡೊನಾಲ್ಡ್ ಎಂಬ ತಮ್ಮ ಕ್ಯಾಪ್ಟನ್‌ಗೆ ಹಳ್ಳಿಯ ಬಟ್ಟೆ ತೊಡಿಸಿ, ಕಿರ್ಕ್‌ಲ್ಯಾಂಡ್ ಕಡೆಯವನು ಅನ್ನೋ ಹೆಸರಿನಲ್ಲಿ ಗವರ್ನರ್ ಮನೆಗೆ ಕಳಿಸಿದರು. ಕ್ಯಾಂಪ್‌ಬೆಲ್ ನಂಬಿಬಿಟ್ಟ. ರಾಜನ ಸೈನ್ಯ ಬರುತ್ತದೆ, ಗಟ್ಟಿಯಾಗಿರಿ ಎಂದು ಬಾಯಿಬಿಟ್ಟ. ಬಂದವನು ಎಲ್ಲವನ್ನೂ ಕೇಳಿಸಿಕೊಂಡು ನೇರ ಸಮಿತಿಗೆ ಹೋಗಿ ಒಪ್ಪಿಸಿದ.

ಗುಟ್ಟು ಬಯಲಾದ ಮೇಲೆ ಊರಿನಲ್ಲಿ ಇರುವ ಹಾಗಿರಲಿಲ್ಲ. ಬಂದರು ಕಾಯುವ ಜಾನ್ಸನ್ ಕೋಟೆಯನ್ನೂ ಬಂಡಾಯದವರು ಹಿಡಿದರು. ಸೆಪ್ಟೆಂಬರ್ 15ರಂದು ಕ್ಯಾಂಪ್‌ಬೆಲ್ ಶಾಸನಸಭೆ ವಿಸರ್ಜಿಸಿ, ಪ್ರಾಂತ್ಯದ ಮೊಹರನ್ನು ಜೊತೆಗಿಟ್ಟುಕೊಂಡು ಟಾಮರ್ ಹತ್ತಿದ. ಹೆಂಡತಿ ಸಾರಾ ಊರಿನಲ್ಲೇ ಉಳಿದಳು. ಬಂದಿಳಿದು ಮೂರು ತಿಂಗಳೂ ತುಂಬಿರಲಿಲ್ಲ.

[ಪರದೆ ಮೇಲೆ: ಸಲ್ಲಿವನ್ಸ್ ದ್ವೀಪ, 1776, ಜೂನ್ 28]

ಮರುವರ್ಷ ಬ್ರಿಟಿಷ್ ನೌಕಾಪಡೆ ಬಂದೇ ಬಂತು. ಸರ್ ಪೀಟರ್ ಪಾರ್ಕರ್ ನಾಯಕ. ದಂಡಿನ ಹೊಣೆ ಜನರಲ್ ಕ್ಲಿಂಟನ್‌ದು. ಎದುರಿಗೆ, ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿರುವ ಸಲ್ಲಿವನ್ಸ್ ದ್ವೀಪದಲ್ಲಿ, ಬಂಡಾಯದವರ ಸೇನಾಧಿಕಾರಿ ವಿಲಿಯಂ ಮೌಲ್ಟ್ರಿಯ ಅರ್ಧ ಕಟ್ಟಿದ ಕೋಟೆ. ಪಾಮೆಟ್ಟೊ ಎಂಬ ತಾಳೆ ಜಾತಿಯ ಮರದ ದಿಮ್ಮಿಗಳ ಎರಡು ಗೋಡೆ, ನಡುವೆ 16 ಅಡಿ ಮರಳು.

ಕ್ಯಾಂಪ್‌ಬೆಲ್‌ಗೆ ಹಡಗಿನಲ್ಲಿ ಸುಮ್ನೆ ಕೂರಬಹುದಿತ್ತು. ಆತ ಗವರ್ನರ್, ಸೇವೆಯಲ್ಲಿರುವ ಅಧಿಕಾರಿ ಅಲ್ಲ. ಆದರೆ ತಾನಾಗಿ ಮುಂದೆ ಬಂದು, ಪಾರ್ಕರ್‌ನ ಮುಖ್ಯ ಹಡಗು ಬ್ರಿಸ್ಟಲ್‌ನ ಕೆಳ ಅಂತಸ್ತಿನ ಫಿರಂಗಿಗಳ ಹೊಣೆ ಹೊತ್ತ.

ಫಿರಂಗಿ ಗುಂಡು ಆ ಮೆತ್ತನೆಯ ಮರದಲ್ಲಿ ಹೂತುಹೋಗುತ್ತಿತ್ತು. ಗೋಡೆ ಸೀಳಲಿಲ್ಲ. ಕ್ಲಿಂಟನ್‌ನ ಸೈನಿಕರು ಪಕ್ಕದ ದ್ವೀಪದಿಂದ ನೀರಿನಲ್ಲಿ ನಡೆದೇ ದಾಟಬೇಕಿತ್ತು. ಮೊಣಕಾಲುದ್ದ ಅಂದುಕೊಂಡಿದ್ದ ನೀರು 7 ಅಡಿ ಇತ್ತು. ಕೋಟೆಯನ್ನು ಹಿಂದಿನಿಂದ ಹೊಡೆಯಲು ಹೊರಟ ಮೂರು ಹಡಗುಗಳು, ಸ್ಫಿಂಕ್ಸ್, ಸೈರನ್, ಆಕ್ಟಿಯನ್, ಒಂದೇ ಮರಳ ದಿಬ್ಬಕ್ಕೆ ಏರಿ ಸಿಕ್ಕಿಕೊಂಡವು. ಎರಡು ಹೇಗೋ ಬಿಡಿಸಿಕೊಂಡವು. ಆಕ್ಟಿಯನ್ ಕದಲಲಿಲ್ಲ. ಮರುದಿನ ಅದಕ್ಕೆ ಅವರೇ ಬೆಂಕಿ ಇಡಬೇಕಾಯಿತು.

ಆ ದಿಬ್ಬಗಳನ್ನೆಲ್ಲ ಬಲ್ಲ ಪೈಲಟ್‌ನನ್ನು ಹತ್ತು ತಿಂಗಳ ಹಿಂದೆ ಅದೇ ಊರಿನಲ್ಲಿ ಗಲ್ಲಿಗೆ ಹಾಕಿದ್ದರು. ಜೆರ್ರಿ ಬದುಕಿದ್ದರೆ ಬ್ರಿಟಿಷರಿಗೆ ದಾರಿ ತೋರುತ್ತಿದ್ದ ಎಂದು ನಾನು ಹೇಳುವುದಿಲ್ಲ. ಹಾಗಂದರೆ ಅವನ ಮೇಲಿನ ಆರೋಪವನ್ನೇ ಒಪ್ಪಿದಂತೆ ಆಗುತ್ತದೆ. ಆದರೆ ಅವನ ತಿಳಿವಳಿಕೆಗೆ ಒಡೆಯರು ಯಾಕೆ ಅಷ್ಟು ಹೆದರಿದ್ದರು ಅನ್ನೋದು ಆ ದಿನ ಕಣ್ಣಿಗೆ ಕಂಡಿತು. ಮುಂದೆ ಸಮ್ಟರ್ ಕೋಟೆ ಕಟ್ಟಿದ್ದು ಅದೇ ದಿಬ್ಬದ ಮೇಲೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿದ್ದು ಅಲ್ಲಿಂದ.

ಬ್ರಿಸ್ಟಲ್ ಹಡಗಿನಲ್ಲಿ 40 ಜನ ಸತ್ತರು, 71 ಜನ ಗಾಯಗೊಂಡರು. ಅದರ ಕ್ಯಾಪ್ಟನ್ ಜಾನ್ ಮಾರಿಸ್ ತೋಳು ಕಳೆದುಕೊಂಡು ಆಮೇಲೆ ಸತ್ತ. ಕ್ಯಾಂಪ್‌ಬೆಲ್‌ನ ಪಕ್ಕೆಗೆ ಪೆಟ್ಟು ಬಿತ್ತು. ಆ ಗಾಯದಿಂದ ಆತ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 1778ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ತೀರಿಕೊಂಡ. ಆ ಹೊತ್ತಿಗೆ ಹೆನ್ರಿ ಲಾರೆನ್ಸ್ ಬಂಡೆದ್ದ ವಸಾಹತುಗಳೆಲ್ಲ ಸೇರಿದ ಸಭೆ, ಅಂದರೆ ಅಮೆರಿಕದ ಕಾಂಟಿನೆಂಟಲ್ ಕಾಂಗ್ರೆಸ್‌ನ ಅಧ್ಯಕ್ಷನಾಗಿದ್ದ.

1780ರ ಮೇನಲ್ಲಿ ಬ್ರಿಟಿಷರು ಚಾರ್ಲ್ಸ್‌ಟನ್ ಗೆದ್ದರು. ಆದರೆ ಆಡಳಿತ ಸೇನಾಧಿಕಾರಿಗಳ ಕೈಯಲ್ಲೇ ಉಳಿಯಿತು, ಕ್ಯಾಂಪ್‌ಬೆಲ್ ಜಾಗಕ್ಕೆ ಇನ್ನೊಬ್ಬ ಗವರ್ನರ್ ಬರಲಿಲ್ಲ. 1782ರ ಡಿಸೆಂಬರ್ 14ರಂದು ಅವರೂ ಊರು ಬಿಟ್ಟು ಹೊರಟರು.