ಕಡತದೊಳಗಿನ ಸೂರ್ಯ

ಕೇಳುಗರಿಗೆ ನಮಸ್ಕಾರ.

ನಮ್ಮ ತಾಯಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಇಪ್ಪತ್ತು ವರ್ಷಗಳ ಹಿಂದೆ ಊರಿನ ಡಿಟಿಪಿ ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿ, ಸಿಡಿಯಲ್ಲಿ ಇಟ್ಟುಕೊಂಡಿದ್ದೆ. ಹೋದ ವರ್ಷ ಆ ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರವೂ ಕನ್ನಡವಾಗಿರಲಿಲ್ಲ. ಇಂಗ್ಲಿಷಿನ ಅಕ್ಷರಗಳು, ಶೇಕಡಾ ಚಿಹ್ನೆ, ಯುರೋಪಿನ ಯಾವುದೋ ಭಾಷೆಯ ಸ್ವರಗಳು, ಎಲ್ಲವೂ ಕಲಸಿಹೋಗಿದ್ದವು. ಹಾಡುಗಳು ಹೋದವೆಂದೇ ಅಂದುಕೊಂಡೆ. ಹೋಗಿರಲಿಲ್ಲ. ಅಂಥ ಕಡತಗಳು ನಿಮ್ಮ ಮನೆಯಲ್ಲಿಯೂ ಇರಬಹುದೆಂದು ಈ ಮಾತು.

ಕಂಪ್ಯೂಟರಿಗೆ ಅಕ್ಷರದ ಆಕಾರ ತಿಳಿಯದು. ಅದು ಕೂಡಿಡುವುದು ಸಂಖ್ಯೆಗಳನ್ನು ಮಾತ್ರ. ಬೈಟು ಎಂದರೆ ಅದರ ನೆನಪಿನ ಒಂದು ಪುಟ್ಟ ಮನೆ; ಒಂದು ಬೈಟಿನಲ್ಲಿ ಸೊನ್ನೆಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಸುತ್ತದೆ. 1963ರಲ್ಲಿ ಅಮೆರಿಕದಲ್ಲಿ ಬಂದ, ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಹೇಳುವ ಆಸ್ಕಿ ಪಟ್ಟಿಯಲ್ಲಿ ಇದ್ದುದು 128 ಸ್ಥಾನ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ 65. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ. ಹಾಗಾಗಿ ನಮ್ಮ ಹಳೆಯ ಫಾಂಟುಗಳನ್ನು, ಅಂದರೆ ಪರದೆಯಲ್ಲಿ ಕಾಣುವ ಅಕ್ಷರಗಳ ಆಕಾರಗಳನ್ನು, ಮಾಡಿದವರು ತಲೆಕಟ್ಟು, ಕೊಂಬು, ಒತ್ತುಗಳ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿದರು. ಅದರಿಂದ ಎಷ್ಟೋ ಪುಸ್ತಕಗಳು ಅಚ್ಚಾದವು, ಅದು ಸಣ್ಣ ಕೆಲಸವಲ್ಲ. ಆದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡವೂ ಇಲ್ಲ.

1991ರಲ್ಲಿ ಬಂದ ಯುನಿಕೋಡ್ ಎಂಬ, ಹಲವು ಭಾಷೆಗಳ ಲಿಪಿಗಳನ್ನು ಒಳಗೊಂಡ ಪಟ್ಟಿ ಕನ್ನಡಕ್ಕೆ ಸ್ವಂತ ಸಂಖ್ಯೆಗಳನ್ನು ಕೊಟ್ಟಿತು. 'ಕ' ಎಂದರೆ 3221. ಇಷ್ಟು ದೊಡ್ಡ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಸುವುದಿಲ್ಲವಲ್ಲ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ, ಯುನಿಕೋಡ್ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಅದು 224, 178, 149 ಎಂಬ ಮೂರು ಬೈಟುಗಳಾಗುತ್ತದೆ.

ನನಗೆ ತುಂಬ ಇಷ್ಟವಾದದ್ದು ಮುಂದಿನ ಸಂಗತಿ. 'ಸೂರ್ಯ' ಎಂದು ಬರೆದು ನೋಡಿ. ಕೈ ಮೊದಲು 'ಸೂ' ಬರೆಯುತ್ತದೆ, ಆಮೇಲೆ 'ಯ', ಕೊನೆಗೆ ಅರ್ಕಾವೊತ್ತು. ಬಾಯಿ ಹೇಳುವಾಗ ಮಾತ್ರ 'ರ' ಮೊದಲು, 'ಯ' ಆಮೇಲೆ. ಹಳೆಯ ಫಾಂಟುಗಳು ಕೈಯ ಕ್ರಮ ಹಿಡಿದವು. ಯುನಿಕೋಡ್ ಬಾಯಿಯ ಕ್ರಮ ಹಿಡಿಯಿತು: ಸಕಾರ, ಊಕಾರದ ಚಿಹ್ನೆ, ರಕಾರ, ಅದರ ಸ್ವರವನ್ನು ತೆಗೆಯುವ ವಿರಾಮ ಚಿಹ್ನೆ (್), ಯಕಾರ. ಐದು ಸಂಕೇತ, ಹದಿನೈದು ಬೈಟು. ರಕಾರವನ್ನು ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ತಂದು ತೋರಿಸುವುದು ಪರದೆಯ ಕೆಲಸ. ಒಳಗಿರುವುದು ಉಚ್ಚಾರದ ಕ್ರಮ. ಕಣ್ಣು ಕಾಣದವರಿಗೆ ಕಂಪ್ಯೂಟರು ಕನ್ನಡವನ್ನು ಓದಿ ಹೇಳಲು ಇದರಿಂದ ಅನುಕೂಲ.

ಕೆಟ್ಟಂತೆ ಕಾಣುವ ಕಡತ ಸಿಕ್ಕರೆ ದಯವಿಟ್ಟು ಅಳಿಸಬೇಡಿ. ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷಿನ ಸಣ್ಣ 'ಎ' (à), ಅದರ ಪಕ್ಕ ಪುಟ್ಟದಾದ 2 ಅಥವಾ 3 ಮತ್ತೆ ಮತ್ತೆ ಕಂಡರೆ ಅದು ಯುನಿಕೋಡ್ ಕನ್ನಡವೇ. 224ನ್ನೂ 178ನ್ನೂ ಯಂತ್ರ ಬಿಡಿಬಿಡಿಯಾಗಿ ಯುರೋಪಿನ ಅಕ್ಷರಗಳೆಂದು ಓದಿದೆ, ಅಷ್ಟೆ. ಯುಟಿಎಫ್-8 ಎಂದು ಆರಿಸಿ ತೆರೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಾಗೆ ಕಾಣದಿದ್ದರೆ ಹಳೆಯ ಫಾಂಟಿನ ಬರಹವಿರಬಹುದು. ಆಗ ಮೂಲ ಕಡತವನ್ನು ಜೋಪಾನವಾಗಿಟ್ಟು, ಯಾವ ಫಾಂಟು ಎಂದು ಕಂಡುಹಿಡಿದು, ಆ ಕಡತದ ಒಂದು ನಕಲನ್ನು ಯುನಿಕೋಡಿಗೆ ಪರಿವರ್ತಿಸಬೇಕು.

ನಾನೂ ಹಾಗೆಯೇ ಮಾಡಿದೆ. ಕೆಲವೆಡೆ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿತ್ತು. ಒಂದೊಂದೇ ಸಾಲು ಹಾಡಿಕೊಳ್ಳುತ್ತಾ ತಿದ್ದಿದೆ. ಎಂಟು ದಿನ ಹಿಡಿಯಿತು. ಈಗ ಆ ಕಡತದಲ್ಲಿ 'ಸೂರ್ಯ' ಎಂದು ಹುಡುಕಿದರೆ ಏಳು ಹಾಡುಗಳಲ್ಲಿ ಸಿಗುತ್ತಾನೆ.

ನಮಸ್ಕಾರ.