24 ಮೆಗಾಪಿಕ್ಸೆಲ್ ಫೋಟೋ ಎಷ್ಟು ದೊಡ್ಡ ಪ್ರಿಂಟ್ ಆಗುತ್ತೆ? | ಆ 72, 300 ಡಿಪಿಐ ಗಲಾಟೆ

ಹಾಂ, ಫೈಲ್ ಓಪನ್ ಆಯ್ತು. ಅಳತೆ ನೋಡಿ, 6000 ಇಂಟು 4000. ಅಂದ್ರೆ 24 ಮೆಗಾಪಿಕ್ಸೆಲ್. ಆ 24 ಅನ್ನೋದನ್ನ ಬಿಟ್ಟಾಕಿ, ಪ್ರಿಂಟ್‌ಗೆ ಬೇಕಾಗೋದು ಈ ಎರಡು ಸಂಖ್ಯೆ. ಇಂಚಿಗೆ 300 ಪಿಕ್ಸೆಲ್ ಅಂತ ಲೆಕ್ಕ ಹಾಕಿ (300 ಡಿಪಿಐ ಅಂತಾರಲ್ಲ, ಅದೇ), 300ರಿಂದ ಭಾಗಿಸಿದ್ರೆ 20 ಇಂಚು, 13.3 ಇಂಚು. ಕೈಯಲ್ಲಿ ಹಿಡ್ಕೊಂಡು ನೋಡಿದ್ರೂ ಪಿಕ್ಸೆಲ್ ಕಣ್ಣಿಗೆ ಬೀಳಲ್ಲ. ಫೋನ್‌ನ 12 ಮೆಗಾಪಿಕ್ಸೆಲ್ ಫೋಟೋ, 4000 ಇಂಟು 3000, ಅದು 13.3ಕ್ಕೆ 10 ಇಂಚು. ಉದ್ದ, ಅಗಲ ಎರಡೂ ಡಬಲ್ ಆಗ್ಬೇಕಾ? ಪಿಕ್ಸೆಲ್ ನಾಲ್ಕು ಪಟ್ಟು ಬೇಕು.

ಈಗ ಎಡಿಟಿಂಗ್ ಸಾಫ್ಟ್‌ವೇರ್‌ನ ಇಮೇಜ್ ಸೈಜ್ ಬಾಕ್ಸ್. ರೆಸಲ್ಯೂಷನ್ 72 ಅಂತಿದೆ, ನೋಡಿ. ಇದನ್ನ ನೋಡಿ ಎಷ್ಟು ಜನ ಹೆದರ್ತಾರೆ ಗೊತ್ತಾ! "ಫೈಲ್ 72 ಇದೆ, 300 ಮಾಡಿ ಕಳ್ಸಿ" ಅಂತ ಹೇಳೋರೂ ಇದ್ದಾರೆ. ಇದು ಬರೀ ಚೀಟಿ ಅಷ್ಟೇ. ಕೆಳಗಿನ ರೀಸ್ಯಾಂಪಲ್, ಅಂದ್ರೆ ಪಿಕ್ಸೆಲ್ ಸಂಖ್ಯೆನೇ ಬದಲಾಯಿಸೋ ಆಯ್ಕೆ, ಅದರ ಟಿಕ್ ತೆಗೆದು 300 ಹಾಕ್ದೆ: 83 ಇಂಚು ಅಂತಿದ್ದದ್ದು 20 ಇಂಚಾಯ್ತು, ಪಿಕ್ಸೆಲ್ ಅದೇ 6000. ಒಂದು ಪಿಕ್ಸೆಲ್ಲೂ ಹೆಚ್ಚಿಲ್ಲ, ಕಮ್ಮಿ ಇಲ್ಲ. ಈಗ ಮತ್ತೆ 72ಕ್ಕೆ ತಂದು, ಟಿಕ್ ಇಟ್ಕೊಂಡೇ 300 ಮಾಡ್ತೀನಿ. ನೋಡಿ, 25000 ಪಿಕ್ಸೆಲ್! ಫೈಲ್ ಊದಿಕೊಳ್ತು, ಹೊಸ ವಿವರ ಏನೂ ಬರಲಿಲ್ಲ, ಸಾಫ್ಟ್‌ವೇರ್ ಅಂದಾಜಿನ ಮೇಲೆ ತುಂಬಿಸ್ತು. ಉಲ್ಟಾ ಆದ್ರೆ ಇನ್ನೂ ಕೆಟ್ಟದು. 300 ಇದ್ದದ್ದನ್ನ ಟಿಕ್ ಇಟ್ಕೊಂಡು 72 ಮಾಡಿ ಸೇವ್ ಮಾಡಿದ್ರೆ 6000 ಹೋಗಿ 1440 ಉಳಿಯುತ್ತೆ. ಐದು ಇಂಚಿನ ಪ್ರಿಂಟ್‌ಗೂ ಸಾಲಲ್ಲ, ವಾಪಸ್ ತರೋಕೂ ಆಗಲ್ಲ. ಟಿಕ್ ನೋಡದೆ ಓಕೆ ಒತ್ತಲೇಬೇಡಿ, ದಯವಿಟ್ಟು.

ಅಂದ ಹಾಗೆ, ಪ್ರಿಂಟರ್ ಡಬ್ಬದ ಮೇಲೆ 4800 ಡಿಪಿಐ ಅಂತ ಇರುತ್ತಲ್ಲ, ಅದೇ ಬೇರೆ. ಅದು ಇಂಕ್ ಚುಕ್ಕಿಗಳ ಲೆಕ್ಕ. ಒಂದೊಂದು ಪಿಕ್ಸೆಲ್ಲಿನ ಬಣ್ಣ ಕಟ್ಟೋಕೆ ಎಷ್ಟೋ ಚುಕ್ಕಿ ಸೇರ್ಬೇಕು, ಅದಕ್ಕೇ ಆ ಸಂಖ್ಯೆ ಅಷ್ಟು ದೊಡ್ಡದು. ಸರಿ ಸರಿ, ಕ್ಲಿಪ್ ಮುಗೀತು, ಮುಂದಕ್ಕೆ.

ಗೋಡೆಗೆ ಹಾಕೋ ದೊಡ್ಡ ಪ್ರಿಂಟ್‌ಗೆ 300 ಬೇಕೇ ಬೇಕು ಅನ್ನೋದು ಸುಳ್ಳು. ಎರಡು ಅಡಿ ದೂರದಿಂದ ನೋಡೋದಾದ್ರೆ 150 ಸಾಕು, ಆರು ಅಡಿಗೆ 50 ಕೂಡ ನಡೆಯುತ್ತೆ. ಉಹುಂ, ಸ್ವಲ್ಪ ತಡೀರಿ. ಗ್ರೂಪ್ ಫೋಟೋ ಆದ್ರೆ ಜನ ಮುಖ ಹುಡುಕ್ಕೊಂಡು ಹತ್ರ ಬಂದೇ ಬರ್ತಾರೆ. ಅದಕ್ಕೆ 200ಕ್ಕಿಂತ ಕೆಳಗೆ ಇಳೀಬೇಡಿ. ಸಣ್ಣ ಅಕ್ಷರ ಇದ್ರೂ ಅಷ್ಟೇ.

ಇದು ಫೋನ್‌ನಲ್ಲಿ 2ಎಕ್ಸ್ ಡಿಜಿಟಲ್ ಜೂಮ್ ಮಾಡಿದ್ದು. ಲೆನ್ಸ್ ಅದೇ, ಮಧ್ಯದ ಕಾಲು ಭಾಗ ಮಾತ್ರ ಕತ್ತರಿಸಿ ಕೊಟ್ಟಿದೆ. 12ರಲ್ಲಿ ನಿಜವಾಗಿ ಉಳಿದದ್ದು 3 ಮೆಗಾಪಿಕ್ಸೆಲ್. ಇನ್ನು ಕೈ ಅಲುಗಾಡಿದ್ರೆ, ಫೋಕಸ್ ತಪ್ಪಿದ್ರೆ, 100 ಮೆಗಾಪಿಕ್ಸೆಲ್ ಇದ್ರೂ ಮಸುಕು ದೊಡ್ಡದಾಗಿ ಪ್ರಿಂಟ್ ಆಗುತ್ತೆ, ಅಷ್ಟೇ.

ದೊಡ್ಡ ಪೇಪರ್ ಹಾಕೋ ಮುಂಚೆ ಇದೊಂದು ಮಾಡಿ. 24 ಇಂಚಿಗೆ ಹಾಕ್ತೀರಾ ಅಂದ್ಕೊಳ್ಳಿ. 6000 ಭಾಗಿಸು 24, ಇಂಚಿಗೆ 250. ಫೋಟೋದಲ್ಲಿ ಮುಖ ಇರೋ ಕಡೆ 1500 ಇಂಟು 1000 ಪಿಕ್ಸೆಲ್ ಕ್ರಾಪ್ ಮಾಡಿ, 6ಕ್ಕೆ 4 ಇಂಚಿನ ಪೇಪರ್‌ಗೆ ಪ್ರಿಂಟ್ ಕೊಡಿ. ದೊಡ್ಡದರಲ್ಲಿ ಆ ಮುಖ ಹೇಗೆ ಬರುತ್ತೋ ಹಾಗೇ ಇದರಲ್ಲೂ ಬರುತ್ತೆ. ಕಣ್ಣಿನ ರೆಪ್ಪೆ ಬಿಡಿಬಿಡಿಯಾಗಿ ಕಾಣ್ತಿದ್ಯಾ? ಹಾಗಿದ್ರೆ 24ಕ್ಕೇ ಕೊಡಿ. ಹಿಟ್ಟು ಹಚ್ಚಿದಂಗೆ ಇದ್ರೆ 16 ಇಂಚಿಗೆ ಇಳಿಸಿ.